ಅದು ಬೀರಪ್ಪನ ಹೆಸರಾಗಿರಲಿಲ್ಲ

ಪಾರೀ, ನಿನ್ನವ್ವ ಹೇಳಿದ ಒಂದು ಮಾತನ್ನು ನಾನು ನುಂಗಿ ಕೂತಿದ್ದೇನೆ. ಹತ್ತು ವರ್ಷದ ಮೇಲಾಯಿತು. ಎದುರಿಗೆ ಕೂತಿದ್ದ ಪರದೇಶದ ಹೆಂಗಸಿಗೆ ಮುಟ್ಟಿಸು ಎಂದು, ನನ್ನೊಬ್ಬಳನ್ನೇ ನಂಬಿ ಹೇಳಿದ ಮಾತು ಅದು. ನಾನು ಮುಟ್ಟಿಸಲಿಲ್ಲ. ಬರೀ ಮುಟ್ಟಿಸಲಿಲ್ಲ ಅನ್ನುವುದಷ್ಟೇ ಆಗಿದ್ದರೆ ಹೆದರಿದೆ, ತೊದಲಿದೆ ಎಂದು ಏನಾದರೂ ಹೇಳಿಕೊಳ್ಳಬಹುದಿತ್ತು — ನಾನು ಆ ಮಾತನ್ನು ತೆಗೆದು ಅದೇ ಜಾಗದಲ್ಲಿ ಒಂದು ಸುಳ್ಳನ್ನು ಇಟ್ಟೆ. ಆ ಸುಳ್ಳಿಗೆ ನಿಮ್ಮ ಮನೆದೇವರನ್ನೂ ಎಳೆದು ತಂದೆ.

ಇದನ್ನು ಎದುರೆದುರಿಗೆ ಹೇಳಬೇಕೆಂದು ಎಷ್ಟು ಸಲ ನಿಮ್ಮ ಮನೆಗೆ ಬಂದಿದ್ದೇನೋ. ಬರುತ್ತೇನೆ, ಶೇಂಗಾ ಚಟ್ನಿಯ ಡಬ್ಬಿ ಕೊಡುತ್ತೇನೆ, ಕೂಸಿನ ಗಲ್ಲ ಹಿಂಡುತ್ತೇನೆ, ಚಹಾ ಕುಡಿದು ಎದ್ದು ಬರುತ್ತೇನೆ. ಸಾಲಿಯಲ್ಲಿ ಮಕ್ಕಳಿಗೆ ಖರೆ ಮಾತಾಡಿರಿ ಎಂದು ಕೋಲು ತೋರಿಸುವ ಟೀಚರಿನ ಧೈರ್ಯ ಇಷ್ಟೇ. ಅದಕ್ಕೇ ಮೊದಲು ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವ ಸಂಗತಿಗಳೂ ಇದರಲ್ಲಿ ಬರುತ್ತವೆ. ಇರಲಿ, ನೀನು ಒಪ್ಪಿದರೆ ಗೊತ್ತಿಲ್ಲದವರೂ ಇದನ್ನು ಓದಬೇಕೆಂದು ನನಗೆ ಆಸೆ.

ಗಲಗಲಿಯ ನಿಮ್ಮ ಹೊಲ ಆಣೆಕಟ್ಟಿನ ಹಿನ್ನೀರಿಗೆ ಹೋದ ಮೇಲೆ ನೀವು ಬನಹಟ್ಟಿಗೆ ಬಂದಿರಿ. ನಿಮ್ಮಪ್ಪ ಉಳಿದ ಕುರಿಗಳನ್ನು ಹೊಡೆದುಕೊಂಡು ಮೇವು ಇದ್ದ ಕಡೆ ಹೋದ. ನಿನ್ನವ್ವ ಕಾಶವ್ವ ನಿನ್ನ ಕೈ ಹಿಡಿದುಕೊಂಡು ನಮ್ಮ ಪಕ್ಕದ ಖೋಲಿಗೆ ಬಾಡಿಗೆಗೆ ಬಂದಳು. ಹಣೆಯ ತುಂಬ ಭಂಡಾರದ ಅರಿಸಿನ, ಬಗಲಲ್ಲಿ ಮನೆದೇವರು ಬೀರಪ್ಪನ ಫೋಟೋ, ತಲೆಯ ಮೇಲೆ ಒಂದು ಗಂಟು. ಕುರಿಯ ಹಿಂದೆ ತಿರುಗಿ ಬೆಳೆದವಳಿಗೆ ಗೋಡೆಯೊಳಗೆ ಕೂತು ಮಾಡುವ ಕೆಲಸ ಹೇಗೆ ಹೊಂದೀತು ಎಂದು ನಮ್ಮವ್ವ ಅನುಮಾನ ಪಟ್ಟಳು. ಆದರೂ ತಾನು ನೇಯುತ್ತಿದ್ದ ಮಗ್ಗದ ಶೆಡ್ಡಿಗೆ ಮರುದಿನವೇ ಕರೆದುಕೊಂಡು ಹೋದಳು. ನಿನ್ನವ್ವ ಕಲಿತಳು. ನಾನು ಅವಳನ್ನು ಚಿಗವ್ವಾ ಎಂದು ಕರೆಯತೊಡಗಿದೆ, ನೀನು ನನ್ನನ್ನು ಅಕ್ಕಾ ಎಂದೆ. ನನ್ನ ಹಳೆಯ ಲಂಗ ಸಣ್ಣದು ಮಾಡಿ ನಿನಗೆ ಹೊಲಿದದ್ದು ನೆನಪಿದೆಯೇ?

ಮಗ್ಗದ ಶೆಡ್ಡು ಅಂದರೆ ಏನು ಎಂದು ನೋಡದವರಿಗೆ ಹೇಗೆ ಹೇಳುವುದು. ವಿದ್ಯುತ್ ಮಗ್ಗಗಳು ಸಾಲಾಗಿ ನಿಂತಿರುತ್ತವೆ, ಎಲ್ಲವೂ ಒಟ್ಟಿಗೆ ಬಡಿಯುತ್ತವೆ. ಒಳಗೆ ಕಾಲಿಟ್ಟರೆ ಎದೆಯ ಎಲುಬು ನಡುಗುತ್ತದೆ. ಪಕ್ಕದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದರೂ ಕೇಳುವುದಿಲ್ಲ. ಹೀಗಾಗಿ ನಮ್ಮ ಹೆಂಗಸರು ಅಲ್ಲಿ ಧ್ವನಿಯನ್ನೇ ಬಿಟ್ಟುಬಿಟ್ಟಿದ್ದರು. ತುಟಿಯನ್ನಷ್ಟೇ ಅಗಲಕ್ಕೆ ಆಡಿಸುತ್ತಿದ್ದರು. ಅದಕ್ಕೆ ಒಂದಿಷ್ಟು ಹುಬ್ಬು, ಒಂದಿಷ್ಟು ಕೈ. ಈ ಗೋಡೆಯ ಮಗ್ಗದವಳು ಆ ಗೋಡೆಯ ಮಗ್ಗದವಳಿಗೆ ಅತ್ತೆಯ ಜೊತೆ ನಡೆದ ಜಗಳವನ್ನು ಒಂದಕ್ಷರ ಬಿಡದೆ ಹೇಳುತ್ತಿದ್ದಳು, ನಡುವೆ ಇದ್ದವರೆಲ್ಲ ತಮ್ಮ ತೀರ್ಪೂ ಕೊಡುತ್ತಿದ್ದರು. ಇದಕ್ಕೆ ನಮ್ಮಲ್ಲಿ ಹೆಸರಿಲ್ಲ, ಇದನ್ನು ಯಾರೂ ಕಲಿಸುವುದೂ ಇಲ್ಲ. ಮಗ್ಗದ ಪಕ್ಕದಲ್ಲೇ ಕಟ್ಟಿದ ಜೋಳಿಗೆಯಲ್ಲಿ ಮಲಗಿ ಬೆಳೆದ ನನಗೆ ಮಾತು ಬರುವ ಮೊದಲೇ ಇದು ಬರುತ್ತಿತ್ತು ಎಂದು ನಮ್ಮವ್ವ ಹೇಳುತ್ತಿದ್ದಳು.

ಶೆಡ್ಡಿನ ಹೊರಗೆ ಮಾತ್ರ ಎಲ್ಲರದೂ ದೊಡ್ಡ ಬಾಯಿ. ಬನಹಟ್ಟಿಯವರು ಚಹಾ ಕೊಡಿ ಅಂದರೂ ಜಗಳಕ್ಕೆ ಬಂದ ಹಾಗೆ ಕೇಳುತ್ತದೆ ಎಂದು ಜಮಖಂಡಿಯ ಕಾಲೇಜಿನಲ್ಲಿ ನನ್ನ ಗೆಳತಿಯರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ದೊಡ್ಡ ಬಾಯಿ ಯಾಕೆ ಎಂದು ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆದರೂ ಅವರ ಜೊತೆ ನಗುತ್ತ, ನನ್ನ ದನಿಯನ್ನು ತಗ್ಗಿಸಿ ಮಾತಾಡುವುದನ್ನು ಕಲಿತೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದು ಮುಂದೆ ತಿಳಿಯುತ್ತದೆ.

ಇಂಗ್ಲಿಷ್ ಓದಿ ಬಂದು ಊರಿನ ಖಾಸಗಿ ಸಾಲಿಯೊಂದರಲ್ಲಿ ಟೀಚರ್ ಆದೆ. ನಿನ್ನವ್ವ ನೇಯುತ್ತಿದ್ದ ಶೆಡ್ಡಿನ ಮಾಲಕರು ಆ ಸಾಲಿಯ ಕಮಿಟಿಯಲ್ಲಿ ಇದ್ದರು. ಅವರ ಶೆಡ್ಡಿನಲ್ಲಿ ಆಗ ಅಡುಗೆಮನೆಯಲ್ಲಿ ಕೈ ಒರೆಸುವ ಟವೆಲುಗಳ ಬಟ್ಟೆ ನೇಯುತ್ತಿದ್ದರು. ಅದು ಸೊಲ್ಲಾಪುರದ ವ್ಯಾಪಾರಿಯ ಕೈಗೆ ಹೋಗಿ, ಅಲ್ಲಿ ಹೊಲಿಗೆಯಾಗಿ, ಹಡಗು ಹತ್ತಿ, ಯಾವುದೋ ಚಳಿಯ ದೇಶದ ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು. ಅಲ್ಲಿಯ ಕಂಪನಿ, ನೇಯುವವರನ್ನು ಸರಿಯಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ಕಣ್ಣಾರೆ ನೋಡಿ ಬಾ ಎಂದು ಒಬ್ಬ ಹೆಂಗಸನ್ನು ಕಳಿಸಿತು. ಅವಳಿಗೆ ಇಂಗ್ಲಿಷ್ ಬರುತ್ತಿತ್ತು. ನಮ್ಮವರ ಮಾತು ತಿಳಿಸಿ ಹೇಳಲು ಊರಿನ ಹೆಂಗಸೇ ಬೇಕು ಎಂದಿದ್ದಳಂತೆ. ಮಾಲಕರು ನನಗೆ ಹೇಳಿ ಕಳಿಸಿದರು.

“ನೋಡ್ರಿ ಟೀಚರ್, ನೀವು ಶ್ಯಾಣ್ಯಾರದೀರಿ. ನಾ ಹೆಚ್ಚಿಗಿ ಏನೂ ಹೇಳಂಗಿಲ್ಲ. ಹುಡುಗ್ಯಾರು ಏನರ ಅಡ್ಡಾದಿಡ್ಡಿ ಮಾತಾಡಿದ್ರ ನೀವು ಸಾಪ ಮಾಡಿ ಹೇಳ್ರಿ, ಅಷ್ಟ.”

ಸಾಪ ಮಾಡಿ — ಚೊಕ್ಕಟ ಮಾಡಿ. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಹೂಂ ಅಂದೆ.

ಆ ಹೊತ್ತಿಗೆ ನೀನೂ ಶೆಡ್ಡಿಗೆ ಹೋಗಲು ಶುರುಮಾಡಿ ಸ್ವಲ್ಪವೇ ದಿನ ಆಗಿತ್ತು. ನೀನು ಎಂಥ ಕಿವಿಯ ಹುಡುಗಿ ಎಂದು ಓಣಿಗೆಲ್ಲ ಗೊತ್ತಿತ್ತು. ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತವಳು, ತಿರುವಿನಲ್ಲಿ ಗಾಡಿಯ ಸಪ್ಪಳ ಬಂದರೆ ತಲೆ ಎತ್ತದೆ ಇದು ಇಂಥವರ ಗಾಡಿ ಎಂದು ಹೇಳುತ್ತಿದ್ದೆ. ಒಮ್ಮೆಯೂ ತಪ್ಪುತ್ತಿರಲಿಲ್ಲ. ಚಿಮ್ಮಡದ ಬಸ್ಸು ಬಂತು, ಇವತ್ತು ಡ್ರೈವರ್ ಬೇರೆ, ಎಂದು ಕೂಡ ಹೇಳಿದ್ದೆ ಒಂದು ಸಲ. ಓಡಿ ಹೋಗಿ ನೋಡಿದರೆ ಖರೆ. ನಿನ್ನವ್ವನ ಕಿವಿ ಅಷ್ಟರಲ್ಲಿ ಬಹಳ ಮಟ್ಟಿಗೆ ಹೋಗಿಬಿಟ್ಟಿತ್ತು. ಜಮಖಂಡಿಯಲ್ಲಿ ಡಾಕ್ಟರಿಗೆ ತೋರಿಸಿ ಬಂದಿದ್ದಳು. ಮಗ್ಗದ ಸಪ್ಪಳಕ್ಕೇ ಹೋದದ್ದು, ಇನ್ನು ಬರುವುದಿಲ್ಲ, ಮಗಳನ್ನೂ ಅಲ್ಲಿಗೇ ಕಳಿಸುತ್ತಿದ್ದರೆ ಅವಳ ಕಿವಿಯಾದರೂ ಮುಚ್ಚಿ ಕಳಿಸು ಎಂದು ಅವರು ಹೇಳಿದರಂತೆ. ಅವಳು ಮಾಲಕರನ್ನು ಕೇಳಿದಳು. “ಹತ್ತಿ ಇಟಗೋರಿ, ನಮ್ಮ ಕಡೆ ಹತ್ತಿಗೇನ ಬರ ಐತೇನ?” ಎಂದು ಅವರು ನಕ್ಕರಂತೆ. ಅವರ ಕಿವಿಯೂ ಅಷ್ಟಕ್ಕಷ್ಟೇ ಆಗಿತ್ತು ಆಗಲೇ. ಅವರ ಮನೆಯ ಟಿವಿ ನಮ್ಮ ಓಣಿಗೆ ಕೇಳುತ್ತಿತ್ತು. ಕೆಟ್ಟ ಮನುಷ್ಯ ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಕಿವಿ ಹೋಗುವುದು ಮಗ್ಗದವರ ಹಣೆಬರಹ, ಕೂದಲು ಬೆಳ್ಳಗಾದ ಹಾಗೆ ಅದೂ ಒಂದು ಎಂದು ಅವರು ತಿಳಿದಿದ್ದರು. ಎಲ್ಲರೂ ಹಾಗೇ ತಿಳಿದಿದ್ದೆವು — ನಿನ್ನವ್ವ ಒಬ್ಬಳನ್ನು ಬಿಟ್ಟು.

ಆ ಹೆಂಗಸು ಬಂದ ದಿನ ಬೆಳಿಗ್ಗೆ ಶೆಡ್ಡಿನಲ್ಲಿ ಎಲ್ಲರಿಗೂ ಕಿವಿಗೆ ಇಟ್ಟುಕೊಳ್ಳಲು ಕಿತ್ತಳೆ ಬಣ್ಣದ ಸ್ಪಂಜಿನ ಸಣ್ಣ ಬಿರಡೆಗಳನ್ನು ಹಂಚಿದರು. ಸಂಜೆ ತಿರುಗಿ ಇಸಿದುಕೊಂಡರು. ನಿನ್ನದೊಂದು ಎಲ್ಲೋ ಬಿದ್ದುಹೋಯಿತು ಎಂದು ಬೈಸಿಕೊಂಡೆಯಲ್ಲ, ನೆನಪಿರಬೇಕು. ಅವಳು ಮಾತ್ರ ತನ್ನದೇ ಕಿವಿಮುಚ್ಚಿಗೆ ತಂದಿದ್ದಳು, ಎರಡೂ ಕಿವಿಯ ಮೇಲೆ ಗಟ್ಟಿಯಾಗಿ ಕೂಡುವಂಥ ದೊಡ್ಡದು. ಒಳಗೆ ಕಾಲಿಡುವ ಮೊದಲೇ ಅದನ್ನು ಹಾಕಿಕೊಂಡಳು. ನಿನ್ನವ್ವ ತನ್ನ ಮಗ್ಗದ ಹತ್ತಿರ ನಿಂತು ಅದನ್ನೇ ನೋಡುತ್ತಿದ್ದಳು. ಕಣ್ಣು ತೆಗೆಯಲಿಲ್ಲ.

ಆಮೇಲೆ ಮಾಲಕರ ಆಫೀಸಿನಲ್ಲಿ ಚಹಾ. ಅವಳು ನನ್ನ ಕಡೆ ತಿರುಗಿ, ನಿಮ್ಮ ಇಂಗ್ಲಿಷ್ ಬಹಳ ಚೆನ್ನಾಗಿದೆ, ನಿಮ್ಮ ತಂದೆ ತಾಯಿ ಏನು ಮಾಡುತ್ತಾರೆ ಎಂದು ಕೇಳಿದಳು. ಸುಮ್ಮನೆ ಕೇಳಿದ್ದು, ಮರ್ಯಾದೆಗೆ. ಶೆಡ್ಡು ಗೋಡೆಯಾಚೆ ಇತ್ತು. ನಮ್ಮವ್ವ ಅಲ್ಲಿ ಆಗಲೂ ನೇಯುತ್ತಿದ್ದಳು. ನಾನು ಹೇಳಿದೆ — ನಮ್ಮ ತಂದೆ ಜಮಖಂಡಿಯಲ್ಲಿ ಮಾಸ್ತರರು. ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಮಾಲಕರಿಗೆ ತಿಳಿಯಲಿಲ್ಲ, ಅವರು ಬಿಸ್ಕೀಟಿನ ತಾಟು ಮುಂದೆ ಸರಿಸುತ್ತಿದ್ದರು. ಆ ದಿನದ ಮೊದಲನೆಯ ಸುಳ್ಳು ಇದು, ಪಾರೀ. ಎರಡನೆಯದು ಇದರ ಹೊಟ್ಟೆಯಲ್ಲೇ ಹುಟ್ಟಿತು.

ಚಹಾ ಆದ ಮೇಲೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸಬೇಕು, ಮಾಲಕರು ಹೊರಗೆ ಇದ್ದರೆ ಒಳ್ಳೆಯದು ಎಂದಳು. ನಾನು ಹೇಳಿದೆ. ಮಾಲಕರು ನಗುತ್ತ ಕುರ್ಚಿಯನ್ನು ಹಿಂದಕ್ಕೆ, ಗೋಡೆಯ ಹತ್ತಿರ ಎಳೆದುಕೊಂಡರು. “ಹೊರಗ ಬಿಸಲೈತ್ರಿ. ನಾ ಇಲ್ಲೆ ಗ್ವಾಡಿ ಇದ್ದಂಗ ಕುಂದರತೀನಿ, ಹೇಳ್ರಿ ಅಕಿಗೆ.” ಇದನ್ನು ಹೇಗೆ ಹೇಳಿದೆನೋ, ಅವಳೂ ನಕ್ಕು ಬಿಟ್ಟಳು.

ನಿನ್ನವ್ವ ಬಂದಳು. ಅವಳಿಗೆ ಇಟ್ಟ ಕುರ್ಚಿ ನಮ್ಮ ಎದುರಿಗೆ, ಮಾಲಕರಿಗೆ ಬೆನ್ನು ಮಾಡಿ. ಆ ಹೆಂಗಸು ಕೇಳಿದಳು: ಇಲ್ಲಿ ಕೆಲಸ ಮಾಡುವುದರಿಂದ ನಿಮಗೆ ಏನಾದರೂ ತೊಂದರೆ ಇದೆಯೇ? ನಾನು ಕನ್ನಡದಲ್ಲಿ ಕೇಳಿದೆ, ನಿನ್ನವ್ವನಿಗೆ ತಿಳಿಯುವ ಹಾಗೆ ತುಟಿಯನ್ನು ಸ್ವಲ್ಪ ಅಗಲಿಸಿ.

“ಏನೂ ಇಲ್ರಿ. ಎಲ್ಲಾ ಛಲೋ ಐತ್ರಿ,” ಎಂದಳು ಕಾಶವ್ವ, ಓಣಿಗೆ ಕೇಳುವಷ್ಟು ಜೋರಾಗಿ. ಹಿಂದಿನಿಂದ ಮಾಲಕರು ಗಂಟಲು ಸರಿಮಾಡಿಕೊಂಡರು, ಸಮಾಧಾನದಿಂದ.

ಆಮೇಲೆ — ಧ್ವನಿ ಬಿಟ್ಟಳು. ನನ್ನ ಕಣ್ಣಲ್ಲಿ ಕಣ್ಣಿಟ್ಟು, ಶೆಡ್ಡಿನಲ್ಲಿ ಮಾತಾಡುವ ಹಾಗೆ, ಬರೀ ತುಟಿಯಲ್ಲಿ ಹೇಳಿದಳು:

“ನನ್ನ ಕಿವಿ ಹೋದುವು. ಪಾರೀವಾದ್ರೂ ಉಳೀಲಿ. ಅಕಿಗೆ ಹೇಳ ಬೇ.”

ಎಷ್ಟು ಜಾಣ ಹೆಂಗಸು. ಬೆನ್ನ ಹಿಂದೆ ಮಾಲಕ, ಎದುರಿಗೆ ತನ್ನ ಕೈಯಲ್ಲಿ ಬೆಳೆದ ಹುಡುಗಿ. ನಿನ್ನ ಕೆಲಸಕ್ಕೂ ಸಂಚಕಾರ ಬರಬಾರದು, ಮಾತೂ ಮುಟ್ಟಬೇಕು. ಆ ಖೋಲಿಯಲ್ಲಿ ಆ ಮಾತು ಓದಲು ಬರುತ್ತಿದ್ದವಳು ನಾನೊಬ್ಬಳೇ. ಅದನ್ನು ಲೆಕ್ಕ ಹಾಕಿಯೇ ಅವಳು ಬಂದು ಕೂತಿದ್ದಳು.

ಆ ಹೆಂಗಸು ಅವಳ ತುಟಿ ಅಲುಗಿದ್ದನ್ನು ನೋಡಿದಳು. ನನ್ನ ಕಡೆ ಬಾಗಿ ಕೇಳಿದಳು — ಏನು, ಇನ್ನೇನೋ ಹೇಳಿದರಲ್ಲ?

ಇಲ್ಲಿ ನಾನು ಇಂಗ್ಲಿಷಿನಲ್ಲಿ ಏನು ಹೇಳಿದರೂ ಮಾಲಕರಿಗೆ ತಿಳಿಯುತ್ತಿರಲಿಲ್ಲ. ಇದನ್ನು ಗಮನಿಸು. ಹೆದರುವ ಕಾರಣವೇ ಇರಲಿಲ್ಲ. ಆದರೆ ಹೇಳಿದ್ದರೆ ಅವಳ ಮುಂದಿನ ಪ್ರಶ್ನೆ ಏನಾಗಿರುತ್ತಿತ್ತು? ಸದ್ದಿಲ್ಲದ ಮಾತು ನಿಮಗೆ ಹೇಗೆ ತಿಳಿಯಿತು — ಎಂದು ತಾನೇ? ಮಾಸ್ತರರ ಮಗಳಿಗೆ ಮಗ್ಗದವರ ತುಟಿಯ ಮಾತು ಎಲ್ಲಿಂದ ಬಂತು?

ನಾನು ನಿನ್ನವ್ವನ ಹಣೆಯ ಭಂಡಾರ ನೋಡಿದೆ. ಬಾಯಿಗೆ ಬಂದೇ ಬಿಟ್ಟಿತು.

“ದೇವರ ಹೆಸರು ಹೇಳಿದರು. ಇವರ ಮನೆದೇವರು ಬೀರಪ್ಪ. ಮಾತು ಮುಗಿಸುವಾಗ ದೇವರನ್ನು ನೆನೆಯುವುದು ಇವರ ರೂಢಿ.”

ಅಂಥ ರೂಢಿ ಯಾವುದೂ ಇಲ್ಲ. ಆ ಹೆಂಗಸಿನ ಮುಖ ಅರಳಿತು. ಎಷ್ಟು ಚೆಂದ, ಎಂದಳು. ಎದ್ದು ನಿಂತು, ನಮ್ಮವರು ಮಾಡುವ ಹಾಗೆ, ಎರಡೂ ಕೈ ಜೋಡಿಸಿ ನಿನ್ನವ್ವನಿಗೆ ನಮಸ್ಕಾರ ಮಾಡಿದಳು.

ನಿನ್ನವ್ವನ ಕಣ್ಣು ತುಂಬಿದವು. ಅವಳು ಏನು ತಿಳಿದುಕೊಂಡಳು ಎಂದು ನನಗೆ ಆಗಲೇ ತಿಳಿಯಿತು — ನನ್ನ ಮಾತು ಮುಟ್ಟಿತು, ಇವಳು ಕೈ ಮುಗಿದು ಮಾತು ಕೊಟ್ಟಳು, ಎಂದು. ತಿದ್ದಲು ಇನ್ನೂ ಹೊತ್ತಿತ್ತು. ಅವಳು ಬಾಗಿಲು ದಾಟುವವರೆಗೂ ಹೊತ್ತಿತ್ತು. ನಾನು ಮುಂದಿನವರನ್ನು ಕರೆದೆ.

ಆವತ್ತು ಸಂಜೆ ಅವಳು ನಮ್ಮ ಮನೆಗೆ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ತಂದುಕೊಟ್ಟಳು. “ನಮ್ಮ ಸರೂ ಇಂಗ್ಲಿಷ್ ಕಲ್ತದ್ದು ಸಾರ್ಥಕ ಆತು ನೋಡ್ರಿ,” ಎಂದು ನಮ್ಮವ್ವನಿಗೆ ಹೇಳಿದಳು. ನಾನು ಆ ರೊಟ್ಟಿ ತಿಂದೆ. ತಿನ್ನುವಾಗ ಗಂಟಲಲ್ಲಿ ಸಿಕ್ಕಿಕೊಂಡಿತು ಎಂದು ಬರೆದರೆ ನನಗೆ ಮರ್ಯಾದೆ. ಆದರೆ ಹಾಗೇನೂ ಆಗಲಿಲ್ಲ. ಹಸಿದಿದ್ದೆ, ತಿಂದೆ, ರುಚಿಯಾಗಿತ್ತು.

ಕಾಯಲು ಶುರುಮಾಡಿದಳು ನಿನ್ನವ್ವ. ಶೆಡ್ಡಿಗೆ ಏನೋ ಬರುತ್ತದೆ, ಆ ಹೆಂಗಸು ಹಾಕಿಕೊಂಡಂಥದ್ದು, ನಿನ್ನ ಕಿವಿಯ ಮೇಲೆ ಗಟ್ಟಿಯಾಗಿ ಕೂಡುವಂಥದ್ದು. ಸಾಲಿಯಿಂದ ನಾನು ಬರುವಾಗ ಕಟ್ಟೆಯ ಮೇಲೆ ಕೂತಿರುತ್ತಿದ್ದಳು.

“ಏನರ ಬಂತೇನ ಬೇ ಅಲ್ಲಿಂದ?”

“ಬರತೈತಿ ಚಿಗವ್ವಾ. ದೂರದ ಕೆಲಸ, ಹೊತ್ತ ಹಿಡೀತೈತಿ.”

ಹೀಗೆ ಹೇಳುತ್ತ ಹೋದೆ. ಬರೀ ಒಂದು ಸಲ ಆಡಿದ ಸುಳ್ಳಲ್ಲ, ನೋಡು. ಅವಳು ಕೇಳಿದಾಗಲೆಲ್ಲ ಅದನ್ನು ಮತ್ತೆ ನೇಯ್ದೆ. ಮಳೆಗಾಲ ಹೋಯಿತು, ಚಳಿಗಾಲ ಬಂತು. ಹತ್ತಿಯನ್ನು ಉಂಡೆ ಮಾಡಿ ನಿನ್ನ ಕಿವಿಗೆ ತುರುಕಿ ಕಳಿಸುತ್ತಿದ್ದಳು. ಹತ್ತಿ ಆ ಸದ್ದನ್ನು ಎಲ್ಲಿ ತಡೆಯುತ್ತದೆ. ಒಂದು ದಿನ ಅವಳು ಕೇಳುವುದನ್ನು ನಿಲ್ಲಿಸಿದಳು. ನನ್ನ ತಲೆಯ ಮೇಲೆ ಕೈಯಾಡಿಸಿ ಹೇಳಿದಳು:

“ಇರ್ಲಿ ಬಿಡ ಬೇ. ನೀ ಹೇಳೂದು ಹೇಳಿದಿ. ಅವರಿಗೂ ಕಿವಿ ಕೇಳಸಂಗಿಲ್ಲ ತೋರತೈತಿ.”

ಪಾರೀ, ನಿನ್ನವ್ವ ಸಾಯುವ ತನಕ ಆ ಪರದೇಶದವಳನ್ನು ಕಿವುಡಿ ಎಂದೇ ತಿಳಿದಿದ್ದಳು. ಅವಳು ಕಿವುಡಿಯಾಗಿರಲಿಲ್ಲ. ಕೇಳಲೆಂದೇ ಅಷ್ಟು ದೂರ ಬಂದಿದ್ದಳು. ಕೇಳಿಸಿಕೊಂಡಿದ್ದರೆ ಏನು ಮಾಡುತ್ತಿದ್ದಳೋ ನನಗೆ ಗೊತ್ತಿಲ್ಲ — ಕಿವಿಗೆ ಗಟ್ಟಿ ಮುಚ್ಚಿಗೆ ಕೊಡಿ, ಅದರ ಖರ್ಚು ನಮ್ಮದು ಎನ್ನುತ್ತಿದ್ದಳೋ, ಮೂರು ಕಾಗದ ಬರೆದು ಕೈ ತೊಳೆದುಕೊಳ್ಳುತ್ತಿದ್ದಳೋ. ಅದು ಅವಳ ಪಾಪ ಪುಣ್ಯ ಆಗುತ್ತಿತ್ತು. ಆ ದಾರಿಯನ್ನು ನಡುವೆ ಕಡಿದವಳು ನಾನು, ಮತ್ತು ಅದರ ಬೈಗುಳ ಅವಳ ಮೇಲೆ ಹೋಗಲಿ ಎಂದು ಸುಮ್ಮನಿದ್ದವಳೂ ನಾನು.

ಇಷ್ಟು ವರ್ಷ ನನಗೆ ನಾನೇ ಏನೇನು ಹೇಳಿಕೊಂಡೆ ಎಂಬುದನ್ನೂ ಹೇಳಿಬಿಡುತ್ತೇನೆ. ಮೊದಲು ಹೇಳಿಕೊಂಡದ್ದು — ಆರ್ಡರು ಹೋಗಿದ್ದರೆ ಶೆಡ್ಡು ಮುಚ್ಚುತ್ತಿತ್ತು, ನಾನು ಹತ್ತಾರು ಮನೆಯ ಒಲೆ ಉಳಿಸಿದೆ. ಕೇಳಲು ಎಷ್ಟು ದೊಡ್ಡ ಮಾತು. ಆ ಗಳಿಗೆಯಲ್ಲಿ ಯಾರ ಒಲೆಯೂ ನನ್ನ ತಲೆಗೆ ಬಂದಿರಲಿಲ್ಲ. ಆಮೇಲೆ — ಮಾಲಕರು ಕಮಿಟಿಯವರು, ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಇದು ಸ್ವಲ್ಪ ಖರೆ. ಆದರೆ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದು ಮೇಲೆಯೇ ಬರೆದಿದ್ದೇನೆ.

ಎಲ್ಲಕ್ಕಿಂತ ಹೆಚ್ಚಾಗಿ ನಾನು ಅಡಗಿ ಕೂತದ್ದು ಒಂದು ಅಕ್ಷರದ ಹಿಂದೆ. ತುಟಿ ಓದುವವರಿಗೆಲ್ಲ ಗೊತ್ತು, ಪ ಮತ್ತು ಬ ಎರಡಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಧ್ವನಿ ಇಲ್ಲದಿದ್ದರೆ ಯಾವುದು ಯಾವುದು ಎಂದು ಸುತ್ತಲಿನ ಮಾತಿನಿಂದಲೇ ತಿಳಿಯಬೇಕು. ಪಾರಿ. ಬೀರಪ್ಪ. ನೋಡು, ಎಂಥ ಅನುಕೂಲ. ಬಹುಶಃ ಚಿಗವ್ವ ಖರೇನೇ ಬೀರಪ್ಪಾ ಎಂದಳೇನೋ, ಬೀರಪ್ಪನಾದರೂ ಕಾಯಲಿ ಎಂದಳೇನೋ, ನಾನು ಓದಿದ್ದೇ ತಪ್ಪಿರಬಹುದು — ಹೀಗೆ ಎಷ್ಟು ವರ್ಷ ನನ್ನನ್ನು ನಾನೇ ನಂಬಿಸುತ್ತ ಬಂದೆ. ಪ್ರತಿ ಜೂನಿನಲ್ಲಿ ಒಂದನೇ ಇಯತ್ತೆಯ ಮಕ್ಕಳಿಗೆ ಫಳಿಯ ಮೇಲೆ ಪ ಫ ಬ ಭ ಮ ಬರೆದು, ತುಟಿ ಕೂಡಿಸಿ ಹೇಳಿರಿ ಎಂದು ಹೇಳಿಕೊಡುತ್ತೇನೆ. ಮಕ್ಕಳು ತುಟಿ ಕೂಡಿಸುತ್ತವೆ. ನಾನು ಫಳಿಯ ಕಡೆ ತಿರುಗಿ ನಿಲ್ಲುತ್ತೇನೆ.

ತಪ್ಪಿ ಓದಿರಲಿಲ್ಲ ನಾನು. ನಿನ್ನವ್ವ ನಿನ್ನ ಹೆಸರು ಹೇಳಿದಳು. ಪಾ ಅನ್ನುವಾಗ ಬಾಯಿ ಪೂರ್ತಿ ತೆರೆಯಿತು, ಬೀ ಅನ್ನಲು ಹಾಗೆ ತೆರೆಯುವುದಿಲ್ಲ. ಜೋಳಿಗೆಯಲ್ಲಿ ಮಲಗಿ ಕಲಿತ ಮಾತು, ತಪ್ಪುವುದೂ ಇಲ್ಲ. ಅಲ್ಲಿ ಇದ್ದ ಕಾರಣ ಒಂದೇ — ಮಗ್ಗದವಳ ಮಗಳು ಎಂದು ಗೊತ್ತಾಗುವುದು ನನಗೆ ನಾಚಿಕೆಯಾಗಿತ್ತು. ಮತ್ತೆ ಎಂದೂ ಕಾಣದ ಒಬ್ಬ ಹೆಂಗಸಿನ ಮುಂದೆ ಒಂದು ಚಹಾದ ಹೊತ್ತು ಮಾಸ್ತರರ ಮಗಳಾಗಿ ಇರಬೇಕು ಎಂದು, ನಿನ್ನ ಕಿವಿ ಕೊಟ್ಟೆ.

ನಿನ್ನ ಕಿವಿ ಹೋಗಿದೆ ಎಂದು ನನಗೆ ಯಾರೂ ಹೇಳಲಿಲ್ಲ. ರಬಕವಿ ರಸ್ತೆಯಲ್ಲಿ ನೋಡಿದೆ. ನಿನ್ನ ಮದುವೆಯಾದ ಮೇಲಿನ ಮಾತು. ಹೊಟ್ಟೆಯಲ್ಲಿ ಕೂಸು ಇತ್ತು, ಕೈಯಲ್ಲಿ ಚೀಲ ಹಿಡಿದು ರಸ್ತೆ ದಾಟುತ್ತಿದ್ದೆ. ಹಿಂದಿನಿಂದ ಒಂದು ಆಟೋ ಹಾರ್ನು ಹೊಡೆಯುತ್ತ ಬಂತು. ಹೊಡೆಯುತ್ತಲೇ ಇತ್ತು. ತಿರುವಿನಾಚೆಯ ಗಾಡಿಯನ್ನು ಗುರುತಿಸುತ್ತಿದ್ದ ಹುಡುಗಿ ತಿರುಗಿ ನೋಡಲಿಲ್ಲ. ಅವನು ಬ್ರೇಕು ಹಾಕಿ, “ಕಿವುಡಿ ಅದಿ ಏನಬೇ?” ಎಂದು ಬೈದು ಹೋದ. ಅದೂ ನಿನಗೆ ಕೇಳಲಿಲ್ಲ. ನೀನು ನನ್ನನ್ನು ನೋಡಿ, ರಸ್ತೆಯ ಆಚೆ ನಿಂತುಕೊಂಡೇ ನಕ್ಕು, ಧ್ವನಿ ಇಲ್ಲದೆ ಕೇಳಿದೆ — ಅಕ್ಕಾ, ಅರಾಮ ಅದೀಯಿಲ್ಲೋ? ನಾನೂ ತುಟಿಯಲ್ಲೇ ಹೇಳಿದೆ, ಅರಾಮ.

ಆಮೇಲೆ ಕೂಸು ಆಯಿತು. ನೋಡಲು ಬಂದೆ. ಮಧ್ಯಾಹ್ನ, ನೀನು ತೊಟ್ಟಿಲ ಪಕ್ಕದಲ್ಲಿ ನೆಲದ ಮೇಲೆ ನಿದ್ದೆ ಹೋಗಿದ್ದೆ. ಕೂಸಿನ ಕಾಲಿಗೆ ಒಂದು ಮೆತ್ತನೆಯ ಬಟ್ಟೆಯ ಪಟ್ಟಿ, ಅದಕ್ಕೆ ಕಟ್ಟಿದ ನೂಲು, ನೂಲಿನ ಇನ್ನೊಂದು ತುದಿ ನಿನ್ನ ಮುಂಗೈಗೆ. ನಾನು ನಿಂತು ನೋಡುತ್ತಿದ್ದಾಗಲೇ ಕೂಸು ಎದ್ದು ಅಳತೊಡಗಿತು. ನಿನಗೆ ಕೇಳಲಿಲ್ಲ. ಅದು ಕಾಲು ಜಾಡಿಸಿತು, ನೂಲು ಎಳೆಯಿತು, ನೀನು ಎದ್ದು ಕೂತೆ. ನನ್ನನ್ನು ನೋಡಿ ನಾಚಿಕೊಂಡು ನೂಲು ಬಿಚ್ಚಿದೆ. ನಾಚಿಕೊಳ್ಳಬೇಕಾದವಳು ನೀನಾಗಿರಲಿಲ್ಲ, ಪಾರೀ. ನಾನು ಅವತ್ತು ಮನೆಗೆ ಹೋಗಿ ಬಹಳ ಅತ್ತೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಈಗ ಇದನ್ನು ಬರೆಯಲು ಒಂದು ಕಾರಣ ಇದೆ. ಹಳೆಯ ಮಾಲಕರ ಮಗ ನಿನ್ನೆ ಫೋನು ಮಾಡಿದ್ದ. ಹೊರದೇಶದ ಇನ್ನೊಂದು ಕಂಪನಿಯವರು ಶೆಡ್ಡು ನೋಡಲು ಬರುತ್ತಾರಂತೆ. “ಟೀಚರ್, ಅಪ್ಪಾರ ಟೈಮಿನ್ಯಾಗ ನೀವ ಬಂದಿದ್ರಂತ. ಈ ಸಲಾನೂ ನೀವ ಬರ್ರಿ,” ಎಂದ. ನಾನು ಹೂಂ ಎಂದಿದ್ದೇನೆ. ಕೂಸಿಗೆ ಹಾಲು ಬಿಡಿಸಿ ನೀನು ಮತ್ತೆ ಅದೇ ಶೆಡ್ಡಿಗೆ ಹೋಗುತ್ತಿದ್ದೀ ಎಂದು ನನಗೆ ಗೊತ್ತು. ನಿನ್ನ ಆಚೀಚಿನ ಮಗ್ಗಗಳಿಗೆ ಹೊಸ ಹುಡುಗಿಯರು ಬಂದಿದ್ದಾರೆ, ಅವರ ಕಿವಿ ಇನ್ನೂ ಚೆನ್ನಾಗಿವೆ, ಶೆಡ್ಡಿನ ಹೊರಗೆ ನೀನು ಕರೆದರೆ ತಿರುಗಿ ನೋಡುತ್ತಾರೆ.

ಬಂದವರ ಮುಂದೆ ನಾನು ಮೊದಲು ಹೇಳಬೇಕೆಂದಿರುವುದು, ನಾನು ಈ ಶೆಡ್ಡಿನ ನೇಕಾರಳ ಮಗಳು, ಇಲ್ಲಿಯವರ ತುಟಿಯ ಮಾತು ನನಗೆ ಬರುತ್ತದೆ, ಎಂದು. ಆಮೇಲೆ ನಿನ್ನವ್ವನ ಮಾತು. ಹಿಂದೆ ಇಂಥ ಒಬ್ಬರು ಬಂದಾಗ ಅವಳು ಹೇಳಿದ್ದನ್ನು ನಾನು ಬದಲಿಸಿದೆ ಎಂಬುದನ್ನೂ. ಆದರೆ ಅಷ್ಟು ಹೇಳಿದರೆ ನಿನ್ನ ಹೆಸರು ಬರುತ್ತದೆ, ನಿನ್ನ ಕಿವಿಯ ಸಂಗತಿ ಬರುತ್ತದೆ, ನಿನ್ನ ಕೆಲಸದ ಮೇಲೆ ಕಣ್ಣು ಬೀಳಬಹುದು. ನಿನ್ನನ್ನು ಕೇಳದೆ ನಿನ್ನ ಬದುಕಿನ ತೀರ್ಮಾನ ಒಂದು ಸಲ ಮಾಡಿ ಆಗಿದೆ. ಇನ್ನೊಂದು ಸಲ ಮಾಡಲಾರೆ, ಒಳ್ಳೆಯದಕ್ಕೂ ಮಾಡಲಾರೆ. ಹೇಳು ಎಂದರೆ ನಿನ್ನ ಮಾತನ್ನು ನೀನು ಹೇಳಿದ ಹಾಗೇ ಹೇಳುತ್ತೇನೆ, ಸಾಪ ಮಾಡುವುದಿಲ್ಲ. ಬೇಡ ಎಂದರೆ ನನ್ನ ತಪ್ಪನ್ನು ಮಾತ್ರ ಹೇಳುತ್ತೇನೆ, ನಿನ್ನ ಹೆಸರು ಎತ್ತುವುದಿಲ್ಲ.

ನಾಳೆ ಸಾಲಿ ಬಿಟ್ಟ ಮೇಲೆ ಬರುತ್ತೇನೆ. ಡಬ್ಬಿ ಗಿಬ್ಬಿ ಏನೂ ತರುವುದಿಲ್ಲ. ಈ ಹಾಳೆಗಳನ್ನು ಕೊಟ್ಟು, ನೀನು ಓದಿ ಮುಗಿಸುವ ತನಕ ಎದುರಿಗೆ ಕೂತಿರುತ್ತೇನೆ. ಆಮೇಲೆ ನಿನ್ನವ್ವ ಹೇಳಿದ ಆ ಮಾತನ್ನು, ಅವಳು ಹೇಳಿದ ಹಾಗೆಯೇ, ಧ್ವನಿ ಇಲ್ಲದೆ ನಿನಗೆ ಹೇಳುತ್ತೇನೆ — ಅದು ನಿನಗೆ ಸೇರಬೇಕಾದದ್ದು, ನನ್ನ ಹತ್ತಿರ ಇಷ್ಟು ದಿನ ಇರಬಾರದಿತ್ತು. ನಿನಗೆ ನನ್ನ ಮಾತು ಬೇಡವಾದರೆ ಮುಖ ಆಚೆ ತಿರುಗಿಸು. ನೀನು ತಿರುಗಿಸಿದರೆ ನಾನು ಏನು ಹೇಳಿದರೂ ನಿನಗೆ ಕೇಳುವುದಿಲ್ಲ. ನಾನು ನಿನ್ನ ಗದ್ದ ಹಿಡಿದು ಈಚೆ ತಿರುಗಿಸುವುದಿಲ್ಲ.